ಬರ್ಕಾ, ರಾತ್ರಿ ಪಾಳಿ

ಇಲ್ಲಿ ನನ್ನ ಕೆಲಸ ಕಡಲಿನಿಂದ ಉಪ್ಪು ಬೇರ್ಪಡಿಸುವುದು.
ಹದಿನಾರು ಪಂಪು. ಕಿವಿಗೊಟ್ಟರೆ ಸಾಕು,
ಯಾವುದರ ಬೇರಿಂಗು ನರಳುತ್ತಿದೆ ಹೇಳಬಲ್ಲೆ.
ಸಿಹಿನೀರು ಊರಿಗೆ, ಉಪ್ಪುನೀರು ವಾಪಸು ಕಡಲಿಗೆ.

ಮನೆಯಲ್ಲಿ ತುಳಜಾ ಕೆರೆದುಕೊಳ್ಳುತ್ತಾಳೆ.
ಮೂರು ವರ್ಷದ ಕೂಸು. ಅಂಗಾಲು, ಕಿವಿಯ ಹಿಂದೆ, ಹೊಟ್ಟೆ,
ಒಳಗಿರುವುದನ್ನು ಹೊರಗಿನಿಂದ ಕೆರೆಯುತ್ತಾಳೆ.
ನೀಲವ್ವ ಅವಳ ಉಗುರು ಕತ್ತರಿಸಿ, ಕೈಗೆ ನನ್ನ ಕಾಲುಚೀಲ ತೊಡಿಸಿ
ಬೆಳತನಕ ಬೆನ್ನು ಸವರುತ್ತಾಳೆ.
ಆದರೂ ಹಾಸಿಗೆಯ ಮೇಲೆ ನಸುಕಿಗೆ
ಸಾಸಿವೆಯಷ್ಟು ಸಾಸಿವೆಯಷ್ಟು ರಕ್ತ.

ಮಸ್ಕತ್ತಿನ ಡಾಕ್ಟರಮ್ಮ ಕಾಗದದಲ್ಲಿ ಚೌಕ ಬರೆದರು, ದುಂಡು ಬರೆದರು.
ಎಲ್ಲ ಗಂಡಹೆಂಡಿರ ನಡುವೆ ಒಂದು ಗೆರೆ,
ನಮ್ಮಿಬ್ಬರ ನಡುವೆ ಎರಡು.
ಸೋದರತ್ತೆಯ ಮಗಳು. ಮನೆಯ ಹುಡುಗಿ ಮನೆಗೇ ಬಂದಳೆಂದು
ಓಣಿಯೆಲ್ಲ ಹೋಳಿಗೆ ಉಂಡಿತ್ತು.

'ಯಕೃತ್ತಿನಲ್ಲಿ ಒಂದು ಪಂಪು ಇರುತ್ತದೆ,
ಪಿತ್ತದ ಉಪ್ಪನ್ನು ಹೊರಗೆ ದೂಡಲು.
ಇವಳಲ್ಲಿ ಅದು ಕೆಲಸ ಮಾಡುತ್ತಿಲ್ಲ.'
ಪಂಪು ಎಂದರು.
ನಾನು ಅವರ ಬಾಯನ್ನೇ ನೋಡಿದೆ.

ನನ್ನಲ್ಲಿ ಅದರ ನಕ್ಷೆ ಒಂದು ಸರಿ, ಒಂದು ತಪ್ಪು. ನೀಲವ್ವನಲ್ಲೂ ಹಾಗೇ.
ಒಂದು ಸರಿಯಿದ್ದರೆ ನಡೆಯುತ್ತದಂತೆ. ನಡೆದಿದೆ, ಮೂವತ್ತೆರಡು ವರ್ಷ.
ತಪ್ಪು ಎರಡೂ ಇವಳ ಪಾಲಿಗೇ ಬಂದವು.

ತುಳಜವ್ವ ನಮ್ಮಿಬ್ಬರಿಗೂ ಅಜ್ಜಿ.
ರಂಪ ಮಾಡಿದರೆ ಬೈಯುತ್ತಿದ್ದಳು, 'ಪಿತ್ತ ನೆತ್ತಿಗೇರೇತೇನ ನಿನಗ?'
ಅವಳ ಹೆಸರನ್ನೇ ಮಗಳಿಗಿಟ್ಟೆವು.
ನಾವು ಹೆಸರಿಡುವ ಮೊದಲೇ ಅವಳೊಂದು ಇಟ್ಟಿದ್ದಳೋ,
ಅಜ್ಜನೋ, ಡಾಕ್ಟರಮ್ಮನಿಗೂ ಗೊತ್ತಿಲ್ಲ.
ಮಣ್ಣಾದವರ ರಕ್ತ ಯಾರು ಪರೀಕ್ಷಿಸುತ್ತಾರೆ?

ಹೊರಗೆ ಬೆಂಚಿನ ಮೇಲೆ ಸುವೈಕಿನ ಮೀನುಗಾರ ಖಲ್ಫಾನ್,
ತೊಡೆಯ ಮೇಲೆ ಅರಿಶಿನಗಣ್ಣಿನ ಹುಡುಗ.
ಹೆಂಡತಿ ಚಿಕ್ಕಪ್ಪನ ಮಗಳೆಂದು ಎರಡು ತೋರುಬೆರಳು ಜೋಡಿಸಿ ತೋರಿಸಿದ.
ನನ್ನ ಅರಬ್ಬಿ ಅಷ್ಟಕ್ಕಷ್ಟೇ. ಆದರೂ ತಿಳಿಯಿತು:
ಬನಿಯನ್ನು ಒದ್ದೆ ಮಾಡು, ಫ್ರಿಜ್ಜಿನಲ್ಲಿಡು, ಮಲಗುವಾಗ ತೊಡಿಸು.

ಈಗ ನಮ್ಮ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಮೂರು ಪುಟ್ಟ ಬನಿಯನ್ನು.
ಮುಂದಿನ ತಿಂಗಳು ನನ್ನ ಯಕೃತ್ತಿನ ಅಳತೆ ತೆಗೆಯುತ್ತಾರೆ,
ಒಂದು ತುಂಡು ಅವಳಿಗೆ ಹೊಂದುತ್ತದೋ ಎಂದು.
ಅರ್ಧ ತಪ್ಪಿದ್ದವನದೂ ಆದೀತಂತೆ.

ಇವತ್ತು ಆರಕ್ಕೆ ಪಾಳಿ ಮುಗಿಸಿ ಬಂದರೆ ಎದ್ದೇ ಇದ್ದಳು.
ನನ್ನ ಮುಂಗೈ ಮೇಲೆ ಒಣಗಿದ ಬಿಳಿ ಉಪ್ಪನ್ನು
ಕಾಲುಚೀಲದ ಕೈಯಿಂದ ಒರೆಸುತ್ತ ಕೇಳಿದಳು,
'ನಿನಗೂ ತುರಸತೈತೇನಪಾ?'