ಹೊಳೆಯ ಈಚೆ ದಡ, ಪೋರ್ಟ್ ಹ್ಯೂರನ್

ಸೇತುವೆ ಏರುವಾಗಲೇ ನನಗೆ ಗೊತ್ತಿತ್ತು.
ಪೂರ್ತಿ ಅಲ್ಲ; ಹಲ್ಲುನೋವು ಶುರುವಾಗುವ ಮುನ್ನ
ನಾಲಿಗೆಗೆ ತಿಳಿಯುತ್ತದಲ್ಲ, ಅಷ್ಟು.
ಹಿಂದಿನ ಸೀಟಿನಲ್ಲಿ ಚಾರ್ವಿ ಬಾಳೆಹಣ್ಣು ಸುಲಿಯುತ್ತಿದ್ದಳು.
ಸಾರ್ನಿಯಾದಲ್ಲಿ ಹನ್ನೊಂದಕ್ಕೆ ಈಜು ಸ್ಪರ್ಧೆ,
ನೂರು ಮೀಟರ್, ಬೆನ್ನೀಜು.

ಕೆಳಗೆ ಸೇಂಟ್ ಕ್ಲೇರ್ ಹೊಳೆ,
ಬಿಳಿ ಬಟ್ಟೆಗೆ ಹಾಕುವ ನೀಲಿ ಕೈತಪ್ಪಿ ಹೆಚ್ಚಾದ ಹಾಗೆ.
ಅದಿರು ಹೊತ್ತ ಉದ್ದನೆಯ ಹಡಗೊಂದು
ಎರಡು ದೇಶಗಳ ನಡುವೆ
ಯಾರಿಗೂ ಹೆಸರು ಹೇಳದೆ ಹೋಗುತ್ತಿತ್ತು.

ನಟ್ಟನಡುವೆ ಬಾವುಟಗಳು.
ಅಲ್ಲಿಂದಾಚೆ ಮೈಲಿ ಕಿಲೋಮೀಟರಾಗುತ್ತದೆ,
ಗ್ಯಾಲನ್ ಲೀಟರಾಗುತ್ತದೆ,
ಮಿಶಿಗನ್ನಿನಲ್ಲಿ ದಂಡ ಕಟ್ಟಿ ಮುಗಿಸಿದ ಸಣ್ಣ ತಪ್ಪು
ಗಂಭೀರ ಅಪರಾಧವಾಗುತ್ತದೆ.
ನಾನು ಮಾತ್ರ ಅಷ್ಟೇ ಇದ್ದೆ, ಸೀಟುಬೆಲ್ಟಿನೊಳಗೆ.

'ಮಿಸೆಸ್ ಬೆಲ್ಲಾ... ವಾನ್ಕಿ?'
ಬೆಳವಣಕಿ, ಅಂದೆ.
'ಯಾವತ್ತಾದರೂ ನಿಮ್ಮನ್ನು ಬಂಧಿಸಿದ್ದುಂಟೇ?'
ಉತ್ತರ ಆಗಲೇ ಅವನ ಪರದೆಯ ಮೇಲಿತ್ತು.
ನನಗೆ ಕಾಣುತ್ತಿದ್ದದ್ದು ಕನ್ನಡಿಯಲ್ಲಿ ಮಗಳ ಬಾಯಿ,
ಅಗಿಯುವುದು ನಿಂತಿತ್ತು.

ಒಂಬತ್ತು ವರ್ಷ ಆಯಿತು.
ಲ್ಯಾಬಿನ ರೊಜೆಲ್‌ಳ ನಿವೃತ್ತಿಯ ಊಟ, ವೈನು.
ನಾಲ್ಕನೆಯ ಗ್ಲಾಸು ಸುರಿದವರು ಯಾರೋ, ಕುಡಿದವಳು ನಾನೇ.
ದುಃಖವೇನೂ ಇರಲಿಲ್ಲ.
ಇದ್ದಿದ್ದರೆ ಹೇಳಿಕೊಳ್ಳಲು ಅನುಕೂಲವಿತ್ತು.
ಗ್ರಿಸ್ವೋಲ್ಡ್ ಬೀದಿಯ ಒಬ್ಬರ ಅಂಚೆಪೆಟ್ಟಿಗೆಗೆ ಗುದ್ದಿದೆ.
ಮುದುಕ ಮನೆ ಚಪ್ಪಲಿಯಲ್ಲೇ ಹೊರಬಂದು
ಹಿಮದ ಮೇಲೆ ಚೆಲ್ಲಿದ ಕಾಗದ ಆರಿಸಿಕೊಳ್ಳುತ್ತ
ನಿನಗೇನೂ ಆಗಲಿಲ್ಲ ತಾನೆ ಎಂದು ಕೇಳಿದ.

ಪೊಲೀಸಿನವ ಊದು ಅಂದ.
ಅವ್ವ ಊದುಗೊಳವೆಯಲ್ಲಿ ಹಸಿ ಕಟ್ಟಿಗೆಗೆ ಊದಿದ ಹಾಗೆ
ಕಣ್ಣಲ್ಲಿ ನೀರು ಬರುವ ತನಕ ಊದಿದೆ.
ಆಮೇಲೆ ನಾನು ದುಡಿಯುವ ಆಸ್ಪತ್ರೆಗೇ ಕರೆದೊಯ್ದರು.
ದಿನಕ್ಕೆ ಮೂವತ್ತು ಜನರ ರಕ್ತ ತೆಗೆಯುವವಳ ನರವನ್ನು
ರಾತ್ರಿ ಪಾಳಿಯ ಡೆಲ್ಫಿನ್ ಹುಡುಕಿದಳು.
ಒಂದೇ ಚುಚ್ಚಿಗೆ ಸಿಕ್ಕಿತು. ನನ್ನ ಮುಖ ನೋಡಲಿಲ್ಲ,
ಸೀಸೆಯ ಮೇಲೆ ನನ್ನ ಹೆಸರನ್ನು
ಒಂದಕ್ಷರ ತಪ್ಪದೆ ಬರೆದಳು.

ಒಳಕೋಣೆಯಲ್ಲಿ ಬೆಂಚು, ಗಡಿಯಾರ, ಪೆನ್ನಿಗೆ ಕಟ್ಟಿದ ಸರಪಳಿ.
ಅಧಿಕಾರಿ ಒರಟನಲ್ಲ.
ಹಿಂತಿರುಗುವ ಕಾಗದಕ್ಕೆ ರುಜು ಎಲ್ಲಿ ಎಂದು
ಬೆರಳಿಟ್ಟು ತೋರಿಸಿದ.
ಹಿಂದಿನ ಕಾರಿನಿಂದ ಇಳಿದು ಬಂದ ಡೊಂಬ್ರೊವ್ಸ್ಕಿ ಮೇಡಂ
ಅವಳನ್ನು ನಾವು ಕರೆದೊಯ್ಯುತ್ತೇವೆ ಅಂದರು,
ಐಸಿಯು ಬಾಗಿಲಲ್ಲಿ ಮಾತಾಡುವ ದನಿಯಲ್ಲಿ.

'ಯಾರಾದರೂ ಸತ್ತರಾ?'
ಕನ್ನಡದಲ್ಲಿ ಕೇಳಿದಳು ಚಾರ್ವಿ, ಉಳಿದವರಿಗೆ ತಿಳಿಯದಿರಲೆಂದು.
ಇಲ್ಲ, ಅಂದೆ.
'ಮತ್ತೆ ಯಾಕೆ ಹೇಳಲಿಲ್ಲ?'
ಅಷ್ಟು ಸ್ವಚ್ಛ ಕನ್ನಡ
ಅವಳ ಬಾಯಿಂದ ನಾನು ಕೇಳಿದ್ದೇ ಇಲ್ಲ.
ಚೀಲ ಹೆಗಲಿಗೇರಿಸಿ ಹೋದಳು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ.
ದಾಟಿಸದೆ ಕಳಿಸಿದ ಅಂಬಿಗನ ಮುಖ
ಇವತ್ತಿಗೂ ಮರೆತಿಲ್ಲ: ಎಡಗೆನ್ನೆಯ ಮೇಲೆ
ಕ್ಷೌರದಲ್ಲಿ ತಪ್ಪಿಸಿಕೊಂಡ ನಾಲ್ಕು ಕೂದಲು.

ಈಚೆ ಕಟ್ಟೆಯಲ್ಲಿ ನಮ್ಮ ದೇಶದವನು.
'ಎಷ್ಟು ದಿನ ಇದ್ದಿರಿ?'
ಐವತ್ತು ನಿಮಿಷ.
'ಏನು ತರುತ್ತಿದ್ದೀರಿ?'
ತಿರುಗಿ ನೋಡಿದೆ.
ಅರ್ಧ ಬಾಳೆಹಣ್ಣು, ಅದರ ಪಕ್ಕ
ಅವಸರದಲ್ಲಿ ಬಿಟ್ಟುಹೋದ ಈಜುಗನ್ನಡಕ.
ಎರಡನ್ನೂ ಹೇಳಿದೆ.
ಏನನ್ನೂ ಮುಚ್ಚಿಡುವ ಹುಮ್ಮಸ್ಸು ಉಳಿದಿರಲಿಲ್ಲ.
ಅವನು ಕೈ ಬೀಸಿ ಹೋಗು ಅಂದ.

ಸೇತುವೆಯ ಕೆಳಗೆ ದಡದಲ್ಲಿ ಕಾರು ನಿಲ್ಲಿಸಿದೆ.
ಯಾರೋ ಗಾಳ ಹಾಕಿದ್ದರು, ಒಂದು ನಾಯಿ ಕಾಯುತ್ತಿತ್ತು.
ಹನ್ನೊಂದು ಹೊಡೆದಾಗ
ಆ ಕನ್ನಡಕವನ್ನು ನಾನೇ ಹಾಕಿಕೊಂಡೆ.
ಪಟ್ಟಿ ಬಿಗಿ, ಕಿವಿಯ ಮೇಲೆ ಕಚ್ಚಿತು.
ಆಚೆ ದಡ ತುಸು ಹಸಿರಾಗಿ ಕಂಡಿತು.
ಅಲ್ಲೇ ಇತ್ತು.