ಹಿಂಬಾಗಿಲು ನೋಡಿ

ಒಳ್ಳೆಯ ಇಂಡಿಯನ್ ಹೋಟೆಲಿಗೆ ಬಿಡಪ್ಪ ಅಂದಿರಿ.
ಸರಿ, ಬೆಲ್ಟ್ ಹಾಕಿಕೊಳ್ಳಿ, ಮಿಸೆಸ್ ಚಾರ್ಲ್ಟನ್.
ಕಡಲಿಗೆ ಇಳಿಯುವ ಈ ಬೀದಿಯಲ್ಲಿ ಸಾಲಾಗಿ ಹದಿನಾಲ್ಕು,
ಹದಿನಾಲ್ಕರ ಬೋರ್ಡಿನಲ್ಲೂ ಆನೆ.
ನಾವೆಲ್ಲ ಸಿಲ್ಹೆಟ್ಟಿನವರು, ಕೆರೆಕುಂಟೆಯ ಜನ,
ಇಂಡಿಯಾ ನಾನೂ ಕಂಡಿಲ್ಲ,
ಗಡಿಯಾಚೆಯ ಗುಡ್ಡ ಮಾತ್ರ,
ಮೋಡ ಸರಿದ ದಿನ, ನೀಲಿಯಾಗಿ.

ಬೋರ್ಡು ನೋಡಬೇಡಿ.
ಬರೆಯುವವನು ಎಲ್ಲಕ್ಕೂ ಒಬ್ಬನೇ,
ಅವನು ತಿನ್ನುವುದು ಮೀನು-ಚಿಪ್ಸು.
ಹಿಂದಿನ ಗಲ್ಲಿಗೆ ಹೋಗಿ, ಹಿಂಬಾಗಿಲು ನೋಡಿ.
ಈರುಳ್ಳಿ ಚೀಲ ಒಣನೆಲದ ಮೇಲಿದೆಯೋ,
ಎಣ್ಣೆ ಡಬ್ಬ ತೊಳೆದು ಬೋರಲು ಹಾಕಿದ್ದಾರೋ,
ಪಾತ್ರೆ ತೊಳೆಯುವ ಹುಡುಗ
ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತ
ಯಾರ ಜೊತೆಗಾದರೂ ನಗುತ್ತಾನೋ.
ನಗದಿದ್ದರೆ ಮುಂದಿನದಕ್ಕೆ ನಡೆಯಿರಿ.

ಮೆನು ಎಂಬುದು ಪುಸ್ತಕದ ಬದನೆಕಾಯಿ.
ನೂರಾ ನಲವತ್ತು ಹೆಸರು,
ಒಳಗೆ ಒಂದೇ ಕೊಪ್ಪರಿಗೆ.
ಇಪ್ಪತ್ತೆರಡು ವರ್ಷ ಅದನ್ನು ತಿರುವಿದ್ದು ಈ ಎಡಗೈ,
ನಾನು ಎಡಚ,
ಅದಕ್ಕೇ ಗೇರ್ ಹಾಕುವಾಗ ಭುಜ ಲಟಕ್ಕೆನ್ನುತ್ತದೆ, ಕೇಳಿಸಿತೇ?
ಬೆಳಿಗ್ಗೆ ಹತ್ತಕ್ಕೆ ಐವತ್ತು ಕಿಲೋ ಈರುಳ್ಳಿ
ಬೇಯುತ್ತ ಬೇಯುತ್ತ ಹೆಸರಿಲ್ಲದ ಗಂಜಿಯಾಗುತ್ತದೆ.
ಕೆನೆ ಸುರಿದರೆ ಕೊರ್ಮಾ,
ಖಾರದಪುಡಿ ಎರಡು ಚಮಚ, ಮದ್ರಾಸ್,
ನಾಲ್ಕಾದರೆ ವಿಂಡಾಲೂ,
ಆರೆಂದರೆ ಫುಟ್ಬಾಲ್ ಸೋತು ಬಂದ ಗಂಡಸರ ಪಂತ.
ಮದ್ರಾಸಿನವರೇ ಒಬ್ಬರು ಒಮ್ಮೆ ಬಂದು ಮದ್ರಾಸ್ ತಿಂದು
ಇದು ಯಾವ ಊರಿನದೆಂದು
ತುಂಬ ವಿನಯದಿಂದ ವಿಚಾರಿಸಿದರಂತೆ.

ಮೋಸವೇ? ಗೊತ್ತಿಲ್ಲ.
ಅದೇ ಗ್ರೇವಿಯಲ್ಲಿ ನಾನ್ ಅದ್ದುತ್ತ
ಜನ ಮದುವೆಯ ಮಾತಾಡಿದ್ದಾರೆ,
ಮದುವೆ ಮುರಿದಿದ್ದಾರೆ,
ಶವ ಮಣ್ಣು ಮಾಡಿ ನೆಟ್ಟಗೆ ಬಂದವರು
ಒದ್ದೆ ಕೋಟಿನಲ್ಲೇ ಕೂತು ಬಟ್ಟಲು ಬಳಿದಿದ್ದಾರೆ.

ಏನು ತರಿಸಲಿ ಅಂತೀರಾ?
ಮಾಣಿಯನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿ:
ಬಾಗಿಲು ಹಾಕಿದ ಮೇಲೆ ನೀವೆಲ್ಲ ಏನು ಉಣ್ಣುತ್ತೀರಿ?
ಮೊದಲು ಗಾಬರಿಯಾಗುತ್ತಾನೆ.
ಆಮೇಲೆ ಕಣ್ಣು ಅರಳಿತೋ, ಬಿಡಬೇಡಿ.
ಒಲೆಯ ಹಿಂದೆ ಒಂದು ಸಣ್ಣ ಪಾತ್ರೆ ಇರುತ್ತದೆ,
ಮುಚ್ಚಳಕ್ಕೆ ಹಿಡಿಯಿಲ್ಲದ್ದು,
ಅದರಲ್ಲಿ ಮೂಳೆ ಸಹಿತ ಮಾಂಸ,
ಸಾತ್ಕೊರಾ ಎಂಬ ನಮ್ಮೂರ ನಿಂಬೆಯ ಸಿಪ್ಪೆ ಬೆಂದು ಕಹಿ ಬಿಟ್ಟದ್ದು.
ಆ ಕಹಿಗೆ ಹೆದರಬೇಡಿ,
ಮೂರನೇ ತುತ್ತಿಗೆ ನೆಂಟನಾಗುತ್ತದೆ.

ಇದೇ, ಬಂದೆವು. ನಾಲ್ಕು ಪೌಂಡ್ ಅರವತ್ತು.
ಏನು? ನಾನೂ ಒಳಗೆ ಬರಬೇಕೇ?
ನಿಮಗಿಂದು ಎಪ್ಪತ್ತು ತುಂಬಿತು, ತಂಗಿಗೆ ನೆಗಡಿ,
ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವರು
ಒಬ್ಬರೇ ಕೂತು ಬಡಿಸಿಕೊಳ್ಳಲಾರಿರಿ.
ಸರಿ, ಸರಿ. ಮೀಟರ್ ನಿಲ್ಲಿಸಿದೆ.

ಇಪ್ಪತ್ತೆರಡು ವರ್ಷ ಇದೇ ಕಟ್ಟಡಕ್ಕೆ ಬಂದೆ,
ಮುಂಬಾಗಿಲ ಹಿತ್ತಾಳೆ ಹಿಡಿ
ಕಡಲಗಾಳಿಗೆ ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.
ಗೋಡೆಯ ಆನೆಗೆ ಒಂದೇ ದಂತ.
ಮಾಣಿ ಹೊಸ ಹುಡುಗ, ಗುರುತಿಲ್ಲ, ಸರ್ ಅಂದ,
ಮೆನು ಕೈಗಿಟ್ಟ.
ಕನ್ನಡಕ ಕಾರಿನಲ್ಲಿ.
ನಿಮಗೆ ಕಲಿಸಿದ ಮಾತು ನನ್ನ ಬಾಯಿಗೆ ಬರಲಿಲ್ಲ,
ನೀವೇ ಕೇಳಿದಿರಿ,
ಇನ್ನೊಂದು ಸೌಟು ಬೇಕೇನೋ ಮರಿ ಎನ್ನುವ ದನಿಯಲ್ಲಿ.
ಅವನ ಕಣ್ಣು ಅರಳಿತು.

ನಾನು ಕೊರ್ಮಾ ಹೇಳಿದೆ.
ಎಷ್ಟು ಸಾವಿರ ಬಟ್ಟಲು ದಾಟಿಸಿದೆನೋ ಆ ಕಿಂಡಿಯಿಂದ,
ಬರಿದಾಗಿ ಬಂದವು ಎಲ್ಲ,
ಹೇಗಿತ್ತೆಂದು ಒಂದೂ ಹೇಳಲಿಲ್ಲ.

ಸಿಹಿ, ಮಿಸೆಸ್ ಚಾರ್ಲ್ಟನ್.
ಸ್ವಲ್ಪ ಹೆಚ್ಚೇ ಸಿಹಿ.
ಆದರೆ ಈರುಳ್ಳಿ ಸರಿಯಾಗಿ ಬೆಂದಿದೆ.