ನಾಲ್ಕನೆಯ ಸುತ್ತು

ಕುತ್ನೋ ಊರಾಚೆ, ಬೀಟ್ ಗೆಡ್ಡೆಯ ಹೊಲ ಮುಗಿಯುವಲ್ಲಿ
ಡಾಂಬರು ಬಳಿದ ದುಂಡನೆ ಅಂಗಳ.
ಗಾಳಿಗೆ ಬೆನ್ನು ಕೊಟ್ಟ ಐದು ಮಡಚು ಕುರ್ಚಿ, ತೀರ್ಪಿನವರು ನಾವು.
ತುದಿಯದು ನನ್ನದು.
ತೊಡೆಯ ಮೇಲೆ ಹಲಗೆ, ಹಲಗೆಗೆ ದಾರ, ದಾರಕ್ಕೆ ಪೆನ್ಸಿಲು.
ಮಾತಾಡಕೂಡದು,
ಮುಖದಲ್ಲೂ ಮಾತಾಡಕೂಡದು.

ವಿಮಾನವನ್ನು ನಾನು ನೋಡುವುದಿಲ್ಲ.
ಹೀಗೆಂದರೆ ಮನೆಯವರು ನಗುತ್ತಾರೆ.
ಅದು ಹಾದುಹೋದ ಗೆರೆ ನೋಡುತ್ತೇನೆ,
ಬರೆದ ಕೂಡಲೆ ಅಳಿಯುವ ಗೆರೆ:
ಅದರ ಕೆಳಗಂಚು ಹೆಗಲೆತ್ತರಕ್ಕಿತ್ತೆ,
ಎರಡನೆಯದು ಮೊದಲನೆಯದರ ಮೇಲೇ ಕೂತಿತೆ,
ಮೂಲೆ ಮೂಲೆಯಾಗಿತ್ತೆ, ಇಲ್ಲ ಮೊಣಕೈಯಂತಿತ್ತೆ.
ಇಲ್ಲದ ಗೆರೆಗೆ ಅಂಕ ಕೊಡುವುದು ನನ್ನ ಕಸುಬು,
ಇಪ್ಪತ್ತಾರು ವರ್ಷವಾಯಿತು.

ಈಗ ಝೆನೊನ್ ವ್ರೂಬೆಲ್.
ವ್ರೂಬೆಲ್ ಎಂದರೆ ನಮ್ಮಲ್ಲಿ ಗುಬ್ಬಿ,
ಆಳು ಮಾತ್ರ ಕಣಜದ ಹಾಗೆ.
ಎಪ್ಪತ್ತೊಂದು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕೋಣೆಯಲ್ಲಿ
ಒಂದು ಕಿವಿ ಬಿಟ್ಟುಬಂದವನು.
ನಡುವೆ ನಿಂತು ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡ,
ಹಿಡಿಕೆ ತೆಗೆದುಕೊಂಡ. ಎರಡು ಉಕ್ಕಿನ ತಂತಿ,
ಕೂದಲಿಗಿಂತ ತುಸು ದಪ್ಪ, ಇಪ್ಪತ್ತು ಮೀಟರು.
ಆ ತುದಿಯಲ್ಲಿ ಬಾಲ ಹಿಡಿದು ಮಂಡಿಯೂರಿದ್ದಾಳೆ ಮೊಮ್ಮಗಳು ಇಗಾ.
ಬೇರೆಯವರದೆಲ್ಲ ಈಗ ಬ್ಯಾಟರಿ, ಜೇನ್ನೊಣದ ಗುಂಯ್.
ಇವನದು ಇನ್ನೂ ಅದೇ ಇಂಜಿನ್ನು.
ಹರಳೆಣ್ಣೆ ಸುಟ್ಟ ಕಮಟು ಮೂಗಿಗೆ ಬಡಿದರೆ
ನನಗೆ ಇಪ್ಪತ್ತೇಳು ವಯಸ್ಸು.

ಆ ಚಳಿಗಾಲ ಅಂಗಡಿಗಳಲ್ಲಿ ವಿನೆಗರ್ ಬಿಟ್ಟರೆ ಏನೂ ಇರಲಿಲ್ಲ.
ರೆಕ್ಕೆಗೆ ಹೊದಿಸಲು ರೇಷ್ಮೆ ಎಲ್ಲಿಂದ?
ಅಮ್ಮನ ಕೆಂಪು ಸ್ಕಾರ್ಫು ಕದ್ದು ಕತ್ತರಿಸಿ ಕೊಟ್ಟವಳು ನಾನು.
ಅಮ್ಮ ಫೆಬ್ರವರಿಯಿಡೀ ಹುಡುಕಿದಳು.
ಅಷ್ಟೆ. ಹೆಚ್ಚೇನೂ ಆಗಲಿಲ್ಲ.
ಅವನು ಬೇರೊಬ್ಬಳನ್ನು ಮದುವೆಯಾದ, ನಾನು ಈ ಕುರ್ಚಿಯನ್ನು.

ಇಗಾ ಬಿಟ್ಟಳು.
ಚಕ್ರ ನೆಲ ಬಿಟ್ಟಿತು. ತಂತಿ ಬಿಗಿಯಿತು.
ಎತ್ತು ನಡುವೆ ನಿಂತು ಗಾಣವೇ ಸುತ್ತ ಓಡಿದ ಹಾಗೆ
ಅವನು ಸಣ್ಣಗೆ ತಿರುಗುತ್ತಾನೆ, ಅದು ದೊಡ್ಡದಾಗಿ.
ನೆತ್ತಿ ದಾಟಿ ಬಂದದ್ದು: ಏಳೂವರೆ.
ಒಳಸುತ್ತು ಮೂರು: ಎಂಟು.
ಹೊಟ್ಟೆ ಮೇಲೆ ಮಾಡಿ, ಅಂಗಾತ, ರೆಕ್ಕೆ ಅಲುಗದೆ ಎರಡು ಪ್ರದಕ್ಷಿಣೆ:
ಎಂಟು.
ಆಮೇಲೆ ಹೊರಸುತ್ತು.
ಒಂದು.
ಎರಡು, ಒಂದರ ಮೇಲೆ.
ಮೂರು, ಬಳೆಯೊಳಗೆ ಬಳೆ ಕೂತಂತೆ.
ಇಲ್ಲಿಗೆ ಬಿಡಬೇಕು. ಮೂರೆಂದರೆ ಮೂರು.

ನಾಲ್ಕನೆಯದಕ್ಕೆ ಎದ್ದ.

ಪಕ್ಕದ ಕುರ್ಚಿಯಲ್ಲಿ ಯಾರೋ ಉಸಿರೆಳೆದುಕೊಂಡರು.
ಎಣಿಕೆ ತಪ್ಪಿತೆ, ಬೇಕೆಂದೇ ಹೋದನೆ?
ಗಾಳಿ ಆ ಗಳಿಗೆ ಬಿದ್ದುಹೋಗಿತ್ತು.
ಹೊಗೆ ತಾನು ಬಂದ ದಾರಿಯಲ್ಲೇ ನಿಂತಿತ್ತು,
ಮೊದಲ ಸಲ ನನಗೆ ಗೆರೆ ಕಣ್ಣಾರೆ ಕಂಡಿತು.
ಆ ಗೆರೆಯ ಮೇಲೇ, ಎಳ್ಳಷ್ಟೂ ಆಚೀಚೆ ಸರಿಯದೆ,
ಇಡಿಯಾಗಿ ಒಂದು ಸಲ ಬಂದ.
ಹತ್ತಕ್ಕೆ ಹತ್ತು ನಾನು ಯಾರಿಗೂ ಬರೆದವಳಲ್ಲ.
ಬರೆಯುವುದಿದ್ದರೆ ಅದಕ್ಕೆ ಬರೆಯಬೇಕಿತ್ತು.

ನಿಯಮ: ಸುತ್ತು ಒಂದು ಹೆಚ್ಚಾದರೂ ಇಡೀ ವರಸೆಗೆ ಸೊನ್ನೆ.
ಬರೆದೆ.
ಕೆಳಗಿನಿಂದ ಹಿಡಿದು, ಮೇಲೇರಿ, ಬಳಸಿ, ಇಳಿದು
ಶುರುವಾದಲ್ಲೇ ಮುಚ್ಚಿದೆ.

ಉಳಿದದ್ದು ಉಳಿದಂತೆ ನಡೆಯಿತು.
ಚೌಕದ ಮೂಲೆಯೊಂದು ಮೆತ್ತಗಾಯಿತು.
ನೆತ್ತಿಯ ಮೇಲಿನ ಎಂಟಂಕಿಯಲ್ಲಿ ತಂತಿ ಸಡಿಲಿ
ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿದ,
ಓಡುವ ಮುದುಕನನ್ನು ನೋಡಿ ಯಾರೂ ನಗಲಿಲ್ಲ.
ಇಂಜಿನ್ನು ಆರಿದ ಮೇಲೆ
ಹೊಲದ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬಂತು.

ಸಂಜೆ ಶೆಡ್ಡಿನ ಬಾಗಿಲಿಗೆ ಅಂಕಪಟ್ಟಿ ಬಡಿದರು. ಹನ್ನೊಂದನೆಯವನು.
ಕನ್ನಡಕ ಏರಿಸಿ, ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದೇ
ನನ್ನ ಸಾಲಿನುದ್ದಕ್ಕೂ ಬಂದು ಸೊನ್ನೆಯ ಮೇಲೆ ಬೆರಳಿಟ್ಟ.
“ಕೆಳಗೆ ತುಸು ಚಪ್ಪಟೆಯಾಗಿದೆ, ಕಜಿಮ್ಯೇರಾ.”
ಎಷ್ಟು ಕೊಡುತ್ತೀ ಎಂದೆ.
ಕೇಳದ ಕಿವಿ ನನ್ನ ಕಡೆಗಿತ್ತು, ಇನ್ನೊಂದನ್ನು ತಿರುಗಿಸಿದ.
ಎಷ್ಟು ಕೊಡುತ್ತೀ.
ದೂರ ನಿಂತು ನೋಡಿದ, ಹತ್ತಿರ ಬಂದು ನೋಡಿದ.
“ಏಳೂವರೆ.”
ನ್ಯಾಯವಾಗಿಯೇ ಕೊಟ್ಟ.